ಗಿರಣಿಯ ಕಿವುಡ

ಮಾಪೊಂಗ ಸತ್ತವನ ಪ್ಯಾಂಟಿನೊಳಗೆ ಒಂದು ಕಾಲು ತೂರಿಸಿ, ಇನ್ನೊಂದು ಕಾಲಿಗಾಗಿ ಗೋಡೆ ಹಿಡಿದುಕೊಂಡು ಕುಂಟುತ್ತಿದ್ದ. ಎಪ್ಪತ್ತು ದಾಟಿದ ಮುದುಕ, ಕಡ್ಡಿಯಂಥ ಮೈ. ಜೈರೋಸಿಯ ಪ್ಯಾಂಟಿನಲ್ಲಿ ಅವನಂಥವರು ಇಬ್ಬರು ಹಿಡಿಸುತ್ತಿದ್ದರು. ಜೈರೋಸಿ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ.

"ಎರೀನಾ, ನಿನ್ನ ಗಂಡನ ಸೊಂಟಪಟ್ಟಿ ಎಲ್ಲಿ? ದಾರೀಲಿ ಜಾರಿದ್ರೆ ಮರ್ಯಾದೆ ಹೋಗೋದು ನಂದಲ್ಲ, ಅವನದು."

"ನಿನಗೆ ಮರ್ಯಾದೆ ಅಂತ ಒಂದು ಇದ್ರೆ ತಾನೆ ಹೋಗೋಕೆ," ಎಂದಳು ಎರೀನಾ ಅಜ್ಜಿ, ಕೂತ ಚಾಪೆಯಿಂದ ಏಳದೆ. ನಿನ್ನೆ ಬೆಳಿಗ್ಗೆ ಗಂಡ ಕಣ್ಣು ಮುಚ್ಚಿದ ಮೇಲೆ ಅವಳ ಮುಖ ಸಡಿಲಾದದ್ದು ಅದೇ ಮೊದಲು.

ಸಾಹ್ವಿರ ಇರುವುದೇ ಅದಕ್ಕೆ. ಒಂದೊಂದು ಮನೆತನಕ್ಕೂ ಅಂಥ ಒಬ್ಬ ಗೆಳೆಯನಿರುತ್ತಾನೆ. ರಕ್ತಸಂಬಂಧವಲ್ಲ, ಅದಕ್ಕಿಂತ ಒಂದು ಕೈ ಮೇಲು. ಸಾವಿನ ದಿನ ಸತ್ತವನ ಬಟ್ಟೆ ತೊಟ್ಟು, ಅವನ ಹಾಗೇ ನಡೆದು, ಅವನ ಹಾಗೇ ಕೆಮ್ಮಿ, ಅವನು ಬದುಕಿರುವಾಗ ಮುಚ್ಚಿಟ್ಟಿದ್ದನ್ನೆಲ್ಲ ಹತ್ತು ಜನರ ಮುಂದೆ ಬಿಚ್ಚಿಡುವ ಹಕ್ಕು ಅವನದು. ಅವನ ಮೇಲೆ ಯಾರೂ ಸಿಟ್ಟಾಗುವ ಹಾಗಿಲ್ಲ.

ಆದರೆ ಇವತ್ತು ಅಂಗಳದಲ್ಲಿ ಅವನ ಬಾಯಿಗೆ ಹೆದರಿ ಕೂತವರು ಬಹಳ ಜನರಿದ್ದರು. ಮುದುಕನೊಬ್ಬ ಸತ್ತರೆ ಮುದುಕರು ಸೇರುವುದು ವಾಡಿಕೆ. ಇಲ್ಲಿ ನೋಡಿದರೆ ಬೇಲಿಯುದ್ದಕ್ಕೂ ಹದಿನಾರು, ಇಪ್ಪತ್ತು, ಇಪ್ಪತ್ತೈದರ ಹುಡುಗರು, ಹುಡುಗಿಯರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಜೈರೋಸಿ ಈ ನ್ಯಾಮುಪೊ ಊರಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು. ಎಂಜಿನ್ನಿನ ಸದ್ದಿಗೆ ಅವನ ಕಿವಿ ಹೋಗಿ ಕಾಲು ಶತಮಾನವಾಗಿತ್ತು. ಕಿವುಡನಲ್ಲವೇ ಎಂಬ ಧೈರ್ಯದ ಮೇಲೆ ಈ ಹುಡುಗರೆಲ್ಲ ಒಂದಲ್ಲ ಒಂದು ದಿನ ಅವನ ಮುಂದೆ ಏನನ್ನೋ ಹೇಳಿಕೊಂಡಿದ್ದರು.

ನ್ಯಾರಾಯಿಯೂ ಹೇಳಿಕೊಂಡಿದ್ದಳು. ಈಗ ಅವಳಿಗೆ ಇಪ್ಪತ್ತೊಂಬತ್ತು. ಯುವಜನರ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದನ್ನು ನೋಡಿಕೊಳ್ಳುತ್ತಾಳೆ. ಅವಳು ಗಂಜಿಯ ಬಟ್ಟಲು ಹಿಡಿದು ಎರೀನಾ ಅಜ್ಜಿಯ ಪಕ್ಕದಲ್ಲಿ ಕೂತಳು.

"ಎರಡು ಗುಟುಕು ಕುಡೀರಿ ಅಜ್ಜೀ. ನಿನ್ನೆಯಿಂದ ಹೊಟ್ಟೆಗೆ ಏನೂ ಇಲ್ಲ."

"ಇಪ್ಪತ್ತೈದು ವರ್ಷ ಬಯ್ದಿದೀನಿ ಕಣೇ ಅವನನ್ನ," ಎಂದಳು ಅಜ್ಜಿ, ಬಟ್ಟಲು ಮುಟ್ಟದೆ. "ಒಂದು ಮಾತು ಕಿವಿಗೆ ಬಿದ್ದಿಲ್ಲ. ಎಲ್ಲಾ ಆ ಎಂಜಿನ್ನು ತಿಂದ್ಹಾಕ್ತು."

"ಮತ್ತೆ ಎದುರು ಮಾತಾಡ್ತಿದ್ರಲ್ಲ? ಎಷ್ಟು ಸಲ ನಾನೇ ನೋಡಿದೀನಿ."

"ದೀಪ ಇದ್ರೆ ಆಡ್ತಿದ್ದ. ದೀಪ ಆರಿಸಿದ್ರೆ ಕಲ್ಲು. ಅದಕ್ಕೇ ಜೋರಾಗಿ ಬಯ್ಯೋದೇನಾದ್ರೂ ಇದ್ರೆ ದೀಪ ಆರಿಸಿ ಬಯ್ತಿದ್ದೆ. ಅವನಿಗೂ ನೆಮ್ಮದಿ, ನನಗೂ ನೆಮ್ಮದಿ."

ಸುತ್ತ ಕೂತ ಹೆಂಗಸರು ನಕ್ಕರು. ನ್ಯಾರಾಯಿಗೆ ನಗು ಬರಲಿಲ್ಲ. ದೀಪಕ್ಕೂ ಕಿವಿಗೂ ಏನು ಸಂಬಂಧ ಎಂದು ಅವಳ ಮನಸ್ಸು ಅಲ್ಲೇ ಸಿಕ್ಕಿಕೊಂಡಿತು. ಬೆಳಕಿದ್ದರೆ ತಿಳಿಯುತ್ತದೆ, ಕತ್ತಲಾದರೆ ಇಲ್ಲ. ಹಾಗಾದರೆ ಅವನು ನೋಡುತ್ತಿದ್ದದ್ದು ಏನನ್ನು? ಹನ್ನೆರಡು ವರ್ಷದ ಹಿಂದೆ ತನ್ನ ಮುಖವನ್ನೂ ಅವನು ನೋಡುತ್ತಿದ್ದ. ಅವಳ ಕೈಯಲ್ಲಿದ್ದ ಬಟ್ಟಲು ವಾಲಿತು, ಗಂಜಿ ಚಾಪೆಗೆ ಚೆಲ್ಲಿತು.

ಅವನಿಗೆ ತಿಳಿದಿದ್ದರೆ ಮಾಪೊಂಗನಿಗೂ ತಿಳಿದಿರುತ್ತದೆ. ಸಾಹ್ವಿರನಿಗೆ ಮುಚ್ಚಿದ ಬಾಗಿಲು ಎಂಬುದಿಲ್ಲ.

ಅಷ್ಟರಲ್ಲಿ ಬೇಲಿಯಾಚೆ ಒಂದು ಬಿಳಿ ಕಾರು ನಿಂತಿತು.

*

ಹನ್ನೆರಡು ವರ್ಷದ ಹಿಂದೆ, ಗುರುವಾರ. ಹತ್ತನೆಯ ತರಗತಿಗೆ ಸಮನಾದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದು ಮೂರು ದಿನವಾಗಿತ್ತು. ನ್ಯಾರಾಯಿ ನಾಲ್ಕು ವಿಷಯದಲ್ಲಿ ಫೇಲಾಗಿದ್ದಳು. ಅವಳ ಅಮ್ಮ ಜೊಹಾನ್ಸ್‌ಬರ್ಗಿನಲ್ಲಿ ಕಂಡವರ ಮನೆಯ ಬಟ್ಟೆ ಒಗೆದು ಅವಳನ್ನು ಓದಿಸುತ್ತಿದ್ದಳು. ಫೋನಿನಲ್ಲಿ ಅಮ್ಮ "ಹೇಗಾಯ್ತು ಮಗಳೇ" ಎಂದಾಗ ನ್ಯಾರಾಯಿ "ಇನ್ನೂ ಬಂದಿಲ್ಲ" ಎಂದಿದ್ದಳು.

ಅವತ್ತು ಮೆಕ್ಕೆಜೋಳದ ಬಕೆಟ್ಟು ಹೊತ್ತು ಬಂದವಳು ಬೇಕೆಂದೇ ಸಾಲಿನ ಕೊನೆಗೆ ನಿಂತಳು. ಕೊನೆಯ ಸರದಿ ಯಾಕೆ ಬೇಕು ಎನ್ನುವುದು ಊರಿನ ಹರೆಯದವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಿವುಡನ ಮುಂದೆ ಕಿನ್ನರಿ ಬಾರಿಸಿದರೆ ಪ್ರಯೋಜನವಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ಅದರಲ್ಲೇ ಪ್ರಯೋಜನವಿದೆ ಎಂದು ಕಂಡುಕೊಂಡವರು ಮಕ್ಕಳು. ಡೀಸೆಲ್ ಎಂಜಿನ್ನು ತಗಡಿನ ಮಾಡು ಹಾರಿಹೋಗುವಂತೆ ಬಡಿದುಕೊಳ್ಳುತ್ತಿರುವಾಗ, ಗಿರಣಿಯ ಬಾಯಿಗೆ ಕಾಳಿನ ಜೊತೆ ಮಾತನ್ನೂ ಸುರಿದರೆ ಎರಡೂ ಪುಡಿಯಾಗಿ ಹೋಗುತ್ತಿತ್ತು. ಎದುರಿಗೆ ನಿಂತ ಮುದುಕನಿಗೆ ಕೇಳಿಸುವುದಿಲ್ಲ, ಹೊರಗೆ ನಿಂತವರಿಗೆ ಸದ್ದು ಕೇಳಗೊಡುವುದಿಲ್ಲ.

"ಕಣಜದ ಕೆಳಗೆ ಒಂದು ಡಬ್ಬಿ ಬಚ್ಚಿಟ್ಟಿದೀನಿ," ಎಂದಳು ನ್ಯಾರಾಯಿ. "ಈ ಭಾನುವಾರ ನೋಡೋಕೆ ನಾನು ಇರಲ್ಲ."

ಜೈರೋಸಿ ಎಲ್ಲರ ಮುಖ ನೋಡುವಂತೆ ಅವಳ ಮುಖವನ್ನೂ ನೋಡುತ್ತಿದ್ದ. ರೆಪ್ಪೆಯ ಮೇಲೆ ಹಿಟ್ಟು ಕೂತಿತ್ತು. ಕಾಳು ಮುಗಿಯಿತು. ಎಂಜಿನ್ನು ನಿಲ್ಲಿಸಿ, ಹಿಟ್ಟು ಬಳಿದು ಅವಳ ಬಕೆಟ್ಟಿಗೆ ತುಂಬಿ, ಕಿವುಡರು ಮಾತಾಡುವಂತೆ ಕೂಗಿ ಹೇಳಿದ:

"ಈ ಬೆಲ್ಟು ಸಡಿಲ ಆಗಿದೆ. ನನ್ನ ಕೈ ಒಳಗೆ ಹೋಗಲ್ಲ, ನಿನ್ನದು ಸಣ್ಣ ಕೈ. ನಾಳೆ ಬೆಳಿಗ್ಗೆ ಬಂದು ಹಿಡ್ಕೋ."

ಹಿರಿಯರು ಕರೆದರೆ ಇಲ್ಲವೆನ್ನುವ ಹಾಗಿಲ್ಲ. ಶುಕ್ರವಾರ ಹೋಗಿ ಹಿಡಿದುಕೊಂಡಳು. ಸಂಜೆ ಹೊರಡುವಾಗ "ನಾಳೆಯೂ ಬಾ" ಎಂದ. ಶನಿವಾರ ಬೆಳಿಗ್ಗೆ ನೋಡಿದರೆ ಬೆಲ್ಟು ಮತ್ತೆ ಸಡಿಲ. ಭಾನುವಾರ ಗಿರಣಿಗೆ ರಜೆ. ಆದರೂ ಚರ್ಚಿನ ಕೋಟು ತೊಟ್ಟವನು ಪ್ರಾರ್ಥನೆಗೆ ಹೋಗದೆ ಅವಳ ಮನೆಯ ಬಾಗಿಲಿಗೇ ಬಂದು, "ಆ ಹಾಳಾದ ಬೆಲ್ಟು" ಎಂದು ಗೊಣಗಿ, ಅವಳು ಚಪ್ಪಲಿ ಹಾಕಿಕೊಳ್ಳುವವರೆಗೂ ನಿಂತಿದ್ದ. ಹೀಗೆ ಹನ್ನೊಂದು ದಿನ. ಬೇರಿಂಗಿಗೆ ಗ್ರೀಸು ಹಚ್ಚುವುದು, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನಯ ನೋಡುವುದು ಕಲಿಸಿದ. ಮಧ್ಯಾಹ್ನ ಎರೀನಾ ತಂದ ಸಡ್ಜಾ ಮುದ್ದೆ, ಸೊಪ್ಪಿನ ಪಲ್ಯ ಮೂವರೂ ಒಂದೇ ತಟ್ಟೆಯಲ್ಲಿ ಉಂಡರು. ಹನ್ನೊಂದನೆಯ ದಿನ ಯಾರೋ ಕತ್ತೆಯ ಮೇಲಿಂದ ಚೀಲದ ಸಮೇತ ಬಿದ್ದದ್ದು ನೋಡಿ ನ್ಯಾರಾಯಿ ನಕ್ಕುಬಿಟ್ಟಳು. ಮರುದಿನ ಬೆಲ್ಟು ಸರಿಯಾಗಿತ್ತು. ಅವಳು ಮನೆಗೆ ಹೋಗಿ ಡಬ್ಬಿಯನ್ನು ಪಾಯಿಖಾನೆಯ ಗುಂಡಿಗೆ ಎಸೆದು, ಅಮ್ಮನಿಗೆ ಫೋನು ಮಾಡಿ, ಫೇಲಾದದ್ದನ್ನು ಮಾತ್ರ ಹೇಳಿದಳು.

ಹಳೆಯ ಯಂತ್ರ, ಕೆಟ್ಟ ಬೆಲ್ಟು, ತನ್ನ ಅದೃಷ್ಟ ಎಂದು ಅವಳು ಇಷ್ಟು ವರ್ಷವೂ ನಂಬಿದ್ದಳು.

*

ಬಿಳಿ ಕಾರಿನಿಂದ ಇಳಿದವರು ಮೈ ಚಿಕೊವೋರೆ. ರಾಜಧಾನಿ ಹರಾರೆಯ ಕಚೇರಿಯವರು, ಐವತ್ತರ ಹೆಂಗಸು; 'ಮೈ' ಎಂದರೆ ಅಲ್ಲಿ ಅಮ್ಮ. ಬಡ ದೇಶಗಳಲ್ಲಿ ಹರೆಯದವರ ಮನಸ್ಸಿನ ಕಾಯಿಲೆಗೆ ಹೊಸ ದಾರಿ ಹುಡುಕುವವರಿಗೆ ಅನುದಾನ ಕೊಡುವ ಒಂದು ಸಮಿತಿಯ ಪರವಾಗಿ ಊರೂರು ಸುತ್ತಿ ನೋಡುವುದು ಅವರ ಕೆಲಸ. ಗಿರಣಿ ನೋಡಲು ಇದೇ ದಿನ ಮೊದಲೇ ನಿಗದಿಯಾಗಿತ್ತು. ಅವರು ಚೀಲದಿಂದ ಬಟ್ಟೆ ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಎರೀನಾ ಅಜ್ಜಿಯ ಮುಂದೆ ಮಂಡಿಯೂರಿ, ಮೆಲ್ಲಗೆ ಅಂಗೈ ತಟ್ಟಿ ಸಂತಾಪ ಹೇಳಿದರು. ಆಮೇಲೆ ನ್ಯಾರಾಯಿಯನ್ನು ಮಾವಿನ ಮರದ ಕೆಳಗೆ ಕರೆದರು.

"ಸಾವಿನ ಮನೇಲಿ ಕಾಗದ ತೆಗೆಯೋದು ನನಗೂ ಇಷ್ಟ ಇಲ್ಲಮ್ಮ. ಆದ್ರೆ ನಾಳೆ ಸಂಜೆಯೊಳಗೆ ಸಮಿತಿಗೆ ಮುಟ್ಟಿಸಬೇಕು. ಗೊತ್ತಲ್ಲ, ಈ ಸಲ ನಲವತ್ತು ಗಿರಣಿ."

ನ್ಯಾರಾಯಿಗೆ ಗೊತ್ತಿತ್ತು. ಹರೆಯದವರು ಗಿರಣಿಯ ಮುಂದೆ ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ ಎಂದು ಬರೆದು ಪಡೆದ ಮೊದಲ ಸಲದ ಅನುದಾನವನ್ನು ಅವಳೇ ಹಾಳುಮಾಡಿದ್ದಳು, ಅದೂ ಪ್ರೀತಿಯಿಂದ. ಅರ್ಜಿಯಲ್ಲಿ "ಏನು ಸಲಕರಣೆ ಬೇಕು" ಎಂಬ ಚೌಕ ನೋಡಿ, ಪಾಪ ಅಜ್ಜನ ಕಿವಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂದು ಸದ್ದಿಲ್ಲದ ಸೋಲಾರ್ ಮೋಟಾರು ಬರೆದಳು. ನೀಲಿ ಬಣ್ಣದ ಮೋಟಾರು ಬಂತು. ಜೇನುಹುಳದಷ್ಟೂ ಗುಂಯ್ಗುಡುತ್ತಿರಲಿಲ್ಲ. ಊರೆಲ್ಲ ಬಂದು ನೋಡಿ ಭೇಷ್ ಎಂದಿತು. ಎರಡನೆಯ ವಾರದಿಂದ ಹರೆಯದವರು ತಮ್ಮ ಬದಲು ತಮ್ಮಂದಿರನ್ನು, ತಂಗಿಯರನ್ನು ಕಳಿಸತೊಡಗಿದರು. ಒಬ್ಬ ಹುಡುಗಿ ಮಾತ್ರ ಗಿರಣಿಯ ಬಾಯಿಗೆ ಬಗ್ಗಿ ಏನೋ ಹೇಳಹೊರಟು, ತನ್ನದೇ ದನಿ ತಗಡಿಗೆ ಬಡಿದು ವಾಪಸು ಬಂದದ್ದು ಕೇಳಿ, ಅರ್ಧ ಬೀಸಿದ ಹಿಟ್ಟು ಹೊತ್ತು ಓಡಿಹೋದಳು. ಜೈರೋಸಿ ಒಂದು ತಿಂಗಳು ಬಹಿಷ್ಕಾರ ಹಾಕಿಸಿಕೊಂಡವನಂತೆ ಆ ಮೋಟಾರಿನ ಪಕ್ಕ ಕೂತಿದ್ದ. ಕೊನೆಗೆ ಮಾಪೊಂಗನ ಎತ್ತುಗಳನ್ನು ಕಟ್ಟಿ ಹಳೆಯ ಡೀಸೆಲ್ ಎಂಜಿನ್ನನ್ನೇ ಎಳೆದು ತಂದ.

ಅನುದಾನದ ಕತೆ ಮುಗಿಯಿತು ಎಂದುಕೊಂಡು ನ್ಯಾರಾಯಿ ಇದ್ದದ್ದು ಇದ್ದ ಹಾಗೇ ವರದಿ ಬರೆದಳು. ಸಮಿತಿಯವರಿಗೆ ಅದೇ ಬಹಳ ಹಿಡಿಸಿತು. ಸದ್ದು ಬೇಕು, ಕೇಳದ ಕಿವಿ ಬೇಕು, ಇದೇ ಹೊಸ ದಾರಿ ಎಂದು ಅವರು ತೀರ್ಮಾನಿಸಿದರು. ಎಲ್ಲ ಗಿರಣಿಯಲ್ಲೂ ಕಿವುಡರು ಸಿಗುವುದಿಲ್ಲವಲ್ಲ, ಅದಕ್ಕೆ ನಲವತ್ತು ಗಿರಣಿಯವರಿಗೂ ಏನೂ ಕೇಳಿಸದಂತೆ ಕಿವಿಗೆ ಮುಚ್ಚಳ ಹಾಕಿಸುವುದು ಎಂದು ಎರಡನೆಯ ಅರ್ಜಿಯಲ್ಲಿ ಬರೆದಿತ್ತು. ಬರೆದವಳು ನ್ಯಾರಾಯಿಯೇ.

"ಸಮಿತಿಯವರು ಒಂದೇ ಪ್ರಶ್ನೆ ಎರಡು ಸಲ ಕೇಳಿದಾರೆ," ಎಂದರು ಮೈ ಚಿಕೊವೋರೆ. "ಆ ಅಜ್ಜನಿಗೆ ಮಕ್ಕಳು ಹೇಳಿದ್ದು ನಿಜವಾಗ್ಲೂ ತಿಳೀತಿರಲಿಲ್ಲ ತಾನೆ? ತಿಳೀತಿತ್ತು ಅಂದ್ರೆ, ಮಕ್ಕಳನ್ನ ನಂಬಿಸಿ ಕದ್ದು ಕೇಳಿದ ಹಾಗಾಯ್ತು. ಆಗ ಈ ಅರ್ಜಿ ನಿಲ್ಲಲ್ಲ. ಅನುದಾನ ಬೇರೆ ದೇಶದ ಪಾಲಾಗುತ್ತೆ."

ಹೋದ ವರ್ಷ ಹೊಳೆಯಾಚೆಯ ಊರಿನಲ್ಲಿ ಒಂದೇ ತಿಂಗಳಲ್ಲಿ, ತಾವಾಗಿ ಜೀವ ಕಳೆದುಕೊಂಡ ಇಬ್ಬರು ಹುಡುಗರನ್ನು ಮಣ್ಣು ಮಾಡಿದ್ದರು. ಅಲ್ಲೂ ಒಂದು ಗಿರಣಿಯಿದೆ. ನಲವತ್ತರ ಪಟ್ಟಿಯಲ್ಲಿ ಅದೇ ಮೊದಲನೆಯದು.

"ಅವರಿಗೆ ಕಿವಿ ಕೇಳಿಸ್ತಿರಲಿಲ್ಲ," ಎಂದಳು.

ಸುಳ್ಳೇನಲ್ಲ. ಆದರೂ ಅವಳಿಗೆ ನಾಚಿಕೆಯಾಯಿತು.

"ಸರಿ. ಮಣ್ಣಾದ ಮೇಲೆ, ಅಜ್ಜನಿಗೆ ಏನೂ ತಿಳೀತಿರಲಿಲ್ಲ ಅಂತ ಇಲ್ಲೊಂದು ರುಜು ಹಾಕು," ಎಂದು ಅವರು ಕಾಗದ ಒಳಗಿಟ್ಟರು.

*

ಹತ್ತೂವರೆಗೆ ಪೆಟ್ಟಿಗೆ ಎತ್ತಿದರು. ಅಕ್ಟೋಬರಿನ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಮದ್ದಳೆ ಬಡಿಯುವವರು, ಹಾಡುವ ಹೆಂಗಸರು, ಎಲ್ಲರಿಗಿಂತ ಮುಂದೆ ಮಾಪೊಂಗ. ಎರಡು ಕೈಯಲ್ಲೂ ಪ್ಯಾಂಟು ಎತ್ತಿ ಹಿಡಿದು, ಜೈರೋಸಿಯ ಹಿಟ್ಟು ಮೆತ್ತಿದ ನಿಲುವಂಗಿ ತೊಟ್ಟು, ಅವನ ಹಾಗೇ ಎಡಕ್ಕೆ ವಾಲಿ ನಡೆಯುತ್ತಿದ್ದ.

"ಸೆಕುರು, ಇವತ್ತು ಗಿರಣಿ ಇದೆಯಾ?" ಎಂದು ಸೊಸೆಯೊಬ್ಬಳು ಸತ್ತ ಅಜ್ಜನನ್ನೇ ಮಾತಾಡಿಸುವಂತೆ ಕೂಗಿದಳು.

"ಏನು? ಮದುವೆ ಇದೆಯಾ? ಯಾರದ್ದು? ನನ್ನದಾದ್ರೆ ಎರೀನಾಗೆ ಹೇಳಬೇಡ."

ಜನ ಕಣ್ಣೊರೆಸಿಕೊಂಡೇ ನಕ್ಕರು. ಅವನು ಮೆರವಣಿಗೆ ಬಿಟ್ಟು ಹರೆಯದವರ ಸಾಲಿಗೆ ಬಂದ. ಒಬ್ಬೊಬ್ಬರ ಮುಂದೆಯೂ ನಿಂತು, ಕತ್ತು ಮುಂದೆ ಚಾಚಿ, ಜೈರೋಸಿ ನೋಡುತ್ತಿದ್ದ ಹಾಗೇ ಮುಖ ನೋಡಿದ. ಯಾರೂ ತಲೆ ಎತ್ತಲಿಲ್ಲ. ನ್ಯಾರಾಯಿಯ ಎದುರಿಗೂ ನಿಂತ. ಅವಳ ಅಮ್ಮ ನಾಲ್ಕು ಹೆಜ್ಜೆ ದೂರದಲ್ಲಿ ಹಾಡುತ್ತಿದ್ದಳು. ಜೊಹಾನ್ಸ್‌ಬರ್ಗಿನಿಂದ ಬಂದು ಎಂಟು ವರ್ಷವಾಗಿತ್ತು, ಡಬ್ಬಿಯ ವಿಷಯ ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ. ಮಾಪೊಂಗ ಏನೂ ಹೇಳದೆ ಮುಂದೆ ಹೋದ.

ಗುಂಡಿಯ ಹತ್ತಿರ ಪೆಟ್ಟಿಗೆ ಇಳಿಸಿದರು. ಮಲಗುವ ಜಾಗ ನೋಡಬೇಕಾದವನು ಸಾಹ್ವಿರನೇ. ಮಾಪೊಂಗ ಅಗೆದವರ ಭುಜ ಹಿಡಿದು ಗುಂಡಿಗೆ ಇಳಿದು, ಎದೆಮಟ್ಟದ ಮಣ್ಣಿನೊಳಗೆ ನಿಂತು, ತಳದಲ್ಲಿ ಚಾಪೆ ಹಾಸಿದ. ಮೇಲೆತ್ತಲು ಅಗೆದವರು ಕೈ ಚಾಚಿದರೆ ಹಿಡಿಯಲಿಲ್ಲ.

"ನಾನು ಬರಲ್ಲ," ಎಂದ. "ಇವನ ಮೇಲೆ ನನ್ನದೊಂದು ದೂರಿದೆ."

ಮದ್ದಳೆ ನಿಂತಿತು.

"ಸಾಹ್ವಿರ ಅಂದ್ರೆ ಏನು? ಇವನ ಹೊಟ್ಟೇಲಿ ಇರೋದೆಲ್ಲ ನನ್ನ ಹೊಟ್ಟೇಲೂ ಇರಬೇಕು. ಮದುವೆಗೆ ಮುಂಚೆ ಯಾರ ಮನೆ ಬೇಲಿ ಹಾರ್ತಿದ್ದ ಅಂತ ಗೊತ್ತು ನನಗೆ. ಎರೀನಾ, ನಿಮ್ಮನೇದೊಂದೇ ಅಲ್ಲ. ಆದ್ರೆ ಈ ಊರಿನ ಹುಡುಗ್ರು ಇಪ್ಪತ್ತು ವರ್ಷದಿಂದ ಇವನ ಮುಂದೆ ನಿಂತು ಬಾಯಿ ಆಡಿಸ್ತಿದ್ರು. ಏನಂದ್ರೋ ಅಂತ ಕೇಳಿದ್ರೆ, 'ಕಿವುಡನ್ನ ಕೇಳ್ತೀಯಲ್ಲೋ ಪೆದ್ದ' ಅಂತಿದ್ದ. ನನ್ನ ಮೇಕೆ ತಿಂದ. ನನ್ನ ಹೆಂಡ ಕುಡಿದ. ಕುಡಿದಾಗಲಾದ್ರೂ ಬಾಯಿಬಿಟ್ಟಾನು ಅಂತ ನಾನೇ ಹುಯ್ದು ಹುಯ್ದು ಕೊಟ್ಟೆ. ಒಂದಕ್ಷರ ಬಿಡಲಿಲ್ಲ."

ಹರೆಯದವರ ಸಾಲಿನಲ್ಲಿ ಅಷ್ಟೂ ಜನ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು.

"ಹುಚ್ಚು ಬೇರೆ ಇತ್ತು ಇವನಿಗೆ. ಹನ್ನೆರಡು ವರ್ಷದ ಹಿಂದೆ ಒಂದ್ಸಲ, ದಿನಾ ಗಿರಣಿ ಮುಚ್ಚಿದ ಮೇಲೆ ಸ್ಪ್ಯಾನರ್ ಹಿಡ್ಕೊಂಡು ಕೂತು, ಚೆನ್ನಾಗಿರೋ ಬೆಲ್ಟನ್ನ ತಾನೇ ಸಡಿಲ ಮಾಡ್ತಿದ್ದ. ಹತ್ತೋ ಹನ್ನೊಂದೋ ದಿನ. ಯಾಕೋ ಹೀಗೆ ಮಾಡ್ತೀಯ ಅಂದ್ರೆ, 'ಸ್ವಲ್ಪ ದಿನ ಇದು ಹೀಗೇ ಇರಬೇಕು' ಅಂದ. ಅಷ್ಟೇ."

ಜನ ನಕ್ಕರು. ಮೈ ಚಿಕೊವೋರೆಯೂ ಹೆಂಗಸರ ನಡುವೆ ನಿಂತು ನಕ್ಕರು. ಮಾಪೊಂಗ ಮಾತ್ರ ನಗಲಿಲ್ಲ. ಅವನ ಗಡ್ಡದಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು. ಅದು ಆಟದ ಅಳುವೋ ನಿಜದ ಅಳುವೋ ಯಾರಿಗೂ ತಿಳಿಯಲಿಲ್ಲ.

"ಹೇಳಿ, ನಾನು ಇವನಿಗೆ ಯಾವ ಸೀಮೆ ಸಾಹ್ವಿರ? ಏನೂ ತಿಳೀದೆ ಇವನನ್ನ ಹೇಗೆ ಕಳಿಸ್ಲಿ? ಒಂದೇ ಒಂದು ಗುಟ್ಟು ಹೇಳೋವರೆಗೂ ಈ ಗುಂಡಿ ನಂದು."

ನ್ಯಾರಾಯಿಗೆ ಈಗ ಅರ್ಥವಾಯಿತು. ಜೈರೋಸಿಗೆ ತಿಳಿದಿತ್ತು. ತುಟಿ ನೋಡಿ ಎಲ್ಲವನ್ನೂ ತಿಳಿದುಕೊಂಡು, ಹನ್ನೊಂದು ಸಂಜೆ ತನ್ನ ಗಿರಣಿಯನ್ನು ತಾನೇ ಕೆಡಿಸಿ, ಬೆಳಿಗ್ಗೆ ಅವಳಿಗಾಗಿ ಕಾದಿದ್ದ. ಯಾರಿಗೂ ಹೇಳಿರಲಿಲ್ಲ, ಅವಳಿಗೂ ಸಹ. ಅವಳಿಗೆ ಆ ಮುದುಕನ ಮೇಲೆ ಹೇಳಲಾಗದಷ್ಟು ಪ್ರೀತಿ ಬಂತು, ಅದನ್ನು ತೋರಿಸಲು ಒಂದು ದಿನ ತಡವಾಗಿತ್ತು.

ಮಾಪೊಂಗ ಹೇಳಿದ್ದರ ಅರ್ಥ ತಿಳಿದವಳು ಅವಳೊಬ್ಬಳೇ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಬಿಟ್ಟರೆ ಬಣ್ಣಗೇಡು. ರುಜು ಹಾಕಿದರೆ ನಲವತ್ತು ಗಿರಣಿ. ನಲವತ್ತು ಜನ ಕಿವಿಗೆ ಮುಚ್ಚಳ ಹಾಕಿಕೊಂಡು ಚೀಲ ನೋಡುತ್ತ ಕೂತಿರುತ್ತಾರೆ. ಹೊಳೆಯಾಚೆಯ ಊರಿನಲ್ಲಿ ಯಾವಳೋ ಹುಡುಗಿ ಅಂಥವನ ಮುಂದೆ ನಿಂತು ಭಾನುವಾರದ ಮಾತು ಹೇಳುತ್ತಾಳೆ. ಅವನು ಹಿಟ್ಟು ತುಂಬಿ ಕಳಿಸುತ್ತಾನೆ. ಅವಳು ಮನೆಗೆ ಹೋಗುತ್ತಾಳೆ.

ನ್ಯಾರಾಯಿ ಗುಂಡಿಯ ಅಂಚಿಗೆ ಬಂದಳು.

"ಮೇಲೆ ಬನ್ನಿ ಸೆಕುರು ಮಾಪೊಂಗ. ಆ ಬೆಲ್ಟು ಸಡಿಲ ಆಗಿದ್ದು ನನ್ನಿಂದ."

ಎಲ್ಲರೂ ತಿರುಗಿದರು. ಎಂಜಿನ್ನಿಲ್ಲ, ಮದ್ದಳೆಯಿಲ್ಲ, ಗಾಳಿಯೂ ಇರಲಿಲ್ಲ. ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು.

"ಆಗ ಹದಿನೇಳು ವರ್ಷ ನನಗೆ. ಫೇಲಾಗಿದ್ದೆ. ಸಾಯಬೇಕು ಅಂತ ಡಬ್ಬಿ ತಂದಿಟ್ಟಿದ್ದೆ. ಅವರಿಗೆ ಹೇಳ್ದೆ, ಕೇಳಿಸಲ್ಲ ಅಂತ ಧೈರ್ಯವಾಗಿ ಹೇಳ್ದೆ. ಅವರು ಬೆಲ್ಟು ಹಿಡ್ಕೋ ಬಾ ಅಂದ್ರು. ಹನ್ನೊಂದು ದಿನ ಕರೆದ್ರು." ಅವಳು ಹೆಂಗಸರ ಕಡೆ ನೋಡಿದಳು. "ಮೈ ಚಿಕೊವೋರೆ, ಕಿವಿ ಕೇಳಿಸ್ತಿರಲಿಲ್ಲ ಅಂದೆನಲ್ಲ, ಅದು ನಿಜ. ಆದ್ರೆ ಅವರು ತುಟಿ ಓದ್ತಿದ್ರು. ನಾವು ಹೇಳಿದ್ದೆಲ್ಲ ಅವರಿಗೆ ಗೊತ್ತಿತ್ತು. ನನ್ನದು, ಇಲ್ಲಿ ನಿಂತಿರೋರೆಲ್ಲರದ್ದು. ಆ ಕಾಗದಕ್ಕೆ ನಾನು ರುಜು ಹಾಕಲ್ಲ."

ಮೈ ಚಿಕೊವೋರೆ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟರು. ನ್ಯಾರಾಯಿಯ ಅಮ್ಮ ಜನರನ್ನು ತಳ್ಳಿಕೊಂಡು ಬಂದು ಮಗಳ ಮೊಣಕೈ ಹಿಡಿದಳು. ಹಿಡಿದ ಕೈ ನೋಯುವಷ್ಟು ಬಿಗಿಯಾಗಿತ್ತು, ಸಡಿಲಿಸಲಿಲ್ಲ.

ಮಾಪೊಂಗ ಗುಂಡಿಯೊಳಗಿಂದ ಅವಳನ್ನೇ ನೋಡುತ್ತಿದ್ದ. "ಹನ್ನೊಂದು," ಎಂದ ಮೆಲ್ಲಗೆ. "ನಾನು ಹತ್ತೋ ಹನ್ನೊಂದೋ ಅಂದೆ." ಆಮೇಲೆ ಮೇಲೆ ಬರಲು ಕೈ ಚಾಚಿದ.

ಆ ಕೈಯನ್ನು ಯಾರೂ ಹಿಡಿಯಲಿಲ್ಲ, ಯಾಕೆಂದರೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಬೆಳಿಗ್ಗೆ ಅಂಗಳದ ಬೇಲಿಯ ಹತ್ತಿರ ಕೂತಿದ್ದ ಎತ್ತರದ ಹುಡುಗನೊಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದು ನ್ಯಾರಾಯಿಯ ಹಿಂದೆ ಬಂದು ನಿಂತಿದ್ದ. ಅವನ ಹಿಂದೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಒಬ್ಬ ಹುಡುಗಿ. ಅವಳ ಹಿಂದೆ ಇನ್ನಿಬ್ಬರು, ತಮ್ಮ ಮಾತು ಹೇಳಲು ಗಿರಣಿಯಲ್ಲಿ ಸರದಿ ಕಾಯುತ್ತಿದ್ದ ಹಾಗೇ. ಗುಂಡಿ ಅಗೆದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಲಿಕೆಗಳನ್ನು ಕೆಳಗಿಟ್ಟು, ಮಣ್ಣಿನ ಗುಡ್ಡೆಯ ಮೇಲೆ ಕುಳಿತರು.